ಆಫೀಸಿಗೆ ಏರ್ ಪ್ಯೂರಿಫೈಯರ್: ಕೋಣೆಯ ಅಳತೆಯಿಂದ ಫಿಲ್ಟರ್ ಬದಲಿಸುವವರೆಗೆ

ಬೆಂಗಳೂರಿನ ಒಂದು ಸಾಧಾರಣ ಆಫೀಸನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಎಚ್‌ಎಸ್‌ಆರ್ ಲೇಔಟಿನಂಥ ಕಡೆ ಮುಖ್ಯರಸ್ತೆಗೆ ಮುಖ ಮಾಡಿದ ಎರಡನೇ ಮಹಡಿ. 1,200 ಚದರ ಅಡಿಯ ಹಾಲ್, ಅದರಲ್ಲಿ 24 ಜನ, ನಾಲ್ಕು ಸ್ಪ್ಲಿಟ್ ಎಸಿ, ಪಕ್ಕದಲ್ಲಿ ಗಾಜಿನ ಒಂದು ಮೀಟಿಂಗ್ ರೂಮ್. ಮಾರ್ಚ್‌ನಲ್ಲಿ ಕಿಟಕಿ ತೆಗೆದರೆ ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಮುಚ್ಚಿದರೆ ಮೂರು ಗಂಟೆಗೆಲ್ಲ ಅರ್ಧ ಆಫೀಸು ತೂಕಡಿಸುತ್ತದೆ. ಆಗ ಅಡ್ಮಿನ್ ಮೇಜಿಗೆ ಒಂದು ಮಾತು ಬರುತ್ತದೆ: ‘ಎರಡು ಪ್ಯೂರಿಫೈಯರ್ ತರಿಸಿಬಿಡಿ.’

ಆ ‘ಎರಡು’ ಎಲ್ಲಿಂದ ಬಂತು ಅನ್ನುವುದೇ ಪ್ರಶ್ನೆ. ಆಫೀಸುಗಳಲ್ಲಿ ಪ್ಯೂರಿಫೈಯರ್ ಸೋಲುವುದು ಫಿಲ್ಟರ್ ಕಳಪೆ ಎಂಬ ಕಾರಣಕ್ಕೆ ಅಪರೂಪ. ಹಾಲಿಗೆ ಸಾಕಾಗದಷ್ಟು ಚಿಕ್ಕದನ್ನು ತಂದು, ಅದರ ಸದ್ದು ತಾಳಲಾರದೆ ಹತ್ತಿರ ಕುಳಿತವರು ಅದನ್ನು ಕಡಿಮೆ ಸ್ಪೀಡಿಗೆ ಇಳಿಸುವುದರಿಂದಲೇ ಬಹುಪಾಲು ದುಡ್ಡು ನೀರಿಗೆ ಹೋಗುವುದು. ಹಾಗಾಗಿ ಮಾದರಿ ಹುಡುಕುವ ಮೊದಲು ಟೇಪು ಹಿಡಿದು ಕೋಣೆ ಅಳೆಯಬೇಕು.

ಅದಕ್ಕೂ ಮೊದಲು: ದೂರು ಯಾವುದರದು?

ಗಾಳಿ ಸರಿಯಿಲ್ಲ ಅನ್ನುವ ದೂರಿನ ಹಿಂದೆ ನಾಲ್ಕಾರು ಬೇರೆ ಬೇರೆ ಸಂಗತಿಗಳಿರುತ್ತವೆ. ಪ್ಯೂರಿಫೈಯರ್ ಎಲ್ಲದಕ್ಕೂ ಮದ್ದಲ್ಲ.

ರಸ್ತೆಯ ಹೊಗೆ, ಕಸ ಸುಡುವ ಹೊಗೆ, ಪಟಾಕಿ, ಪಕ್ಕದ ಕಟ್ಟಡದ ಜನರೇಟರ್, ಕಾಂಗ್ರೆಸ್ ಗಿಡದ ಪರಾಗ, ಕೆಮ್ಮಿದಾಗ ತೇಲುವ ಸೂಕ್ಷ್ಮ ಹನಿ: ಇವೆಲ್ಲ ಗಾಳಿಯಲ್ಲಿ ತೇಲುವ ಕಣಗಳು. ಪ್ಯೂರಿಫೈಯರ್ ಇರುವುದೇ ಇವುಗಳಿಗೆ.

ಮೇಜಿನ ಮೇಲೆ ಕೂರುವ ಒರಟು ಧೂಳಿಗೆ ಅದರಿಂದ ಅಷ್ಟೇನೂ ಉಪಯೋಗವಿಲ್ಲ. ದಪ್ಪ ಕಣಗಳು ಯಂತ್ರದವರೆಗೆ ಹೋಗುವ ಮೊದಲೇ ನೆಲಕ್ಕೆ ಬೀಳುತ್ತವೆ. ಅದಕ್ಕೆ ಬಾಗಿಲಲ್ಲಿ ಉದ್ದನೆಯ ಮ್ಯಾಟ್, ಕಿಟಕಿ ಚೌಕಟ್ಟಿನ ಸಂದಿಗೆ ರಬ್ಬರ್ ಬೀಡಿಂಗ್, ಒಣ ಪೊರಕೆಯ ಬದಲು ಒದ್ದೆ ಮಾಪ್. ಬೆಳಿಗ್ಗೆ ಎಂಟೂವರೆಗೆ ಹೌಸ್‌ಕೀಪಿಂಗ್‌ನವರು ಒಣ ಪೊರಕೆಯಲ್ಲಿ ಗುಡಿಸಿದರೆ, ಒಂಬತ್ತಕ್ಕೆ ಬಂದವರೆಲ್ಲ ಉಸಿರಾಡುವುದು ಅದನ್ನೇ.

ತೂಕಡಿಕೆ, ತಲೆಭಾರ, ‘ಉಸಿರು ಕಟ್ಟಿದ ಹಾಗೆ’ ಅನ್ನುವುದು ಬಹುತೇಕ ಕಾರ್ಬನ್ ಡೈಆಕ್ಸೈಡಿನ ಲಕ್ಷಣ, ಅಂದರೆ ಹೊರಗಾಳಿ ಬರುತ್ತಿಲ್ಲ. ಯಾವ ಫಿಲ್ಟರೂ ಅದನ್ನು ಹಿಡಿಯುವುದಿಲ್ಲ. ಸ್ಪ್ಲಿಟ್ ಎಸಿಯೂ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತದೆ. ಒಂದು ಹನಿ ಹೊಸ ಗಾಳಿ ತರುವುದಿಲ್ಲ.

ಹೊಸ ಪ್ಲೈವುಡ್, ಪೇಂಟ್, ಕಾರ್ಪೆಟ್ ಅಂಟಿನ ವಾಸನೆಗೆ ಮೊದಲ ಮದ್ದು ಕೆಲವು ವಾರ ಚೆನ್ನಾಗಿ ಗಾಳಿಯಾಡಿಸುವುದು. ಮಳೆಗಾಲದ ಬೂಷ್ಟಿಗೆ ಸೋರುವ ಗೋಡೆ, ತುಂಬಿ ಹರಿಯುವ ಎಸಿ ಡ್ರೈನ್ ಟ್ರೇ ರಿಪೇರಿ ಮಾಡಿಸಬೇಕು. ಇನ್ನು ಬೆಸುಗೆ, ಸೋಲ್ಡರಿಂಗ್, ಮರ ಕೊಯ್ಯುವುದು, ಮುದ್ರಣದ ಸಾಲ್ವೆಂಟ್ ಇರುವ ಪೀಣ್ಯದಂಥ ಕಡೆಯ ಶೆಡ್ಡುಗಳಿಗೆ ಈ ಲೇಖನ ಅಲ್ಲ. ಅಲ್ಲಿ ಹೊಗೆ ಹುಟ್ಟುವ ಜಾಗದಲ್ಲೇ ಎಳೆದು ಹೊರಹಾಕುವ ವ್ಯವಸ್ಥೆ ಬೇಕು.

ಯಾವುದೆಂದು ತಿಳಿಯಲು ಎರಡು ಮೀಟರ್ ಸಾಕು. ಒಂದು, ಲೇಸರ್ ಸೆನ್ಸರ್ ಇರುವ ಪಿಎಂ 2.5 ಮೀಟರ್; 2.5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ಮತ್ತು ಅದಕ್ಕಿಂತ ಚಿಕ್ಕ ಕಣಗಳನ್ನು ಅಳೆಯುವಂಥದ್ದು. ಇನ್ನೊಂದು, ಎನ್‌ಡಿಐಆರ್ (ಅವಗೆಂಪು ಬೆಳಕಿನಿಂದ ಅಳೆಯುವ) ಸೆನ್ಸರ್ ಇರುವ ಕಾರ್ಬನ್ ಡೈಆಕ್ಸೈಡ್ ಮೀಟರ್. ಅಗ್ಗದ ಮೀಟರ್‌ಗಳಲ್ಲಿ ‘ಇಸಿಒ2’ ಎಂದಿದ್ದರೆ ಅದು ಬೇರೆ ಅನಿಲ ನೋಡಿ ಮಾಡಿದ ಅಂದಾಜು; ಸ್ಯಾನಿಟೈಸರ್ ಬಾಟಲಿ ತೆಗೆದರೂ ಏರುತ್ತದೆ. ಒಂದು ವಾರ, ದಿನಕ್ಕೆ ನಾಲ್ಕು ಸಲ, ಒಳಗೂ ಹೊರಗೂ ಓದಿ ಬರೆದಿಡಿ. ಭಾರತದ ಮಾನದಂಡದ ಪ್ರಕಾರ ಪಿಎಂ 2.5ರ 24 ಗಂಟೆಯ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಒಳಗೆ 15ರಿಂದ 25ರೊಳಗೆ ಇರಿಸುವುದು ನಮ್ಮ ರಸ್ತೆಬದಿಯ ಆಫೀಸಿಗೆ ಕೈಗೆಟುಕುವ ಗುರಿ. ಬೋರ್‌ವೆಲ್ ನೀರು ಹಾಕಿದ ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರ್ ಓಡುತ್ತಿದ್ದರೆ ಆರಿಸಿ ಓದಿ. ಗಡಸು ನೀರಿನ ಲವಣ ಪುಡಿಯಾಗಿ ತೇಲಿ ಮೀಟರನ್ನು ಸಿಕ್ಕಾಪಟ್ಟೆ ಏರಿಸುತ್ತದೆ.

ಕೋಣೆಯ ಲೆಕ್ಕ

ಪ್ಯೂರಿಫೈಯರ್‌ನ ನಿಜವಾದ ಸಾಮರ್ಥ್ಯ ಒಂದೇ ಅಂಕಿಯಲ್ಲಿದೆ: ಸಿಎಡಿಆರ್. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದರ ಅಳತೆ ಅದು. ಕೆಲವರು ಸಿಎಫ್‌ಎಂನಲ್ಲಿ (ನಿಮಿಷಕ್ಕೆ ಎಷ್ಟು ಘನ ಅಡಿ) ಬರೆಯುತ್ತಾರೆ; 1.7ರಿಂದ ಗುಣಿಸಿದರೆ ಘನ ಮೀಟರ್ ಸಿಗುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಹಾಕಿರುವ ‘500 ಚದರ ಅಡಿಗೆ ಸಾಕು’ ಎಂಬುದನ್ನು ಮರೆತುಬಿಡಿ. ಅದು ಗಂಟೆಗೆ ಎಷ್ಟು ಸಲ ಗಾಳಿ ಶುದ್ಧವಾಗುತ್ತದೆ, ಚಾವಣಿ ಎಷ್ಟು ಎತ್ತರ ಎಂದು ಹೇಳುವುದಿಲ್ಲ. ಗಂಟೆಗೆ ನಾಲ್ಕರ ಬದಲು ಎರಡು ಸಲ ಎಂದು ಹಿಡಿದರೆ ಅದೇ ಯಂತ್ರ ದುಪ್ಪಟ್ಟು ದೊಡ್ಡ ಕೋಣೆಗೆ ‘ಸಾಕು’ ಆಗಿಬಿಡುತ್ತದೆ.

ಎರಡು ಲೆಕ್ಕ ಮಾಡಿ, ಯಾವುದು ಹೆಚ್ಚೋ ಅದನ್ನು ಹಿಡಿಯಿರಿ.

ಮೊದಲನೆಯದು ಕೋಣೆಯ ಗಾತ್ರದ ಲೆಕ್ಕ. ಉದ್ದ, ಅಗಲ, ಎತ್ತರ ಅಡಿಯಲ್ಲಿ ಗುಣಿಸಿ 35.3ರಿಂದ ಭಾಗಿಸಿದರೆ ಘನ ಮೀಟರ್. ನಮ್ಮ ಹಾಲಿನ ಫಾಲ್ಸ್ ಸೀಲಿಂಗ್ ಎತ್ತರ ಒಂಬತ್ತೂವರೆ ಅಡಿ ಎನ್ನಿ: 1,200 × 9.5 = 11,400 ಘನ ಅಡಿ, ಅಂದರೆ ಸುಮಾರು 323 ಘನ ಮೀಟರ್. ಗಂಟೆಗೆ ಐದು ಸಲ ಶುದ್ಧವಾಗಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಜನ ಸೇರುವ ಜಾಗಗಳಿಗೆ ಸೂಚಿಸಿದ ಗುರಿಯೂ ಇಷ್ಟೇ. 323 × 5 = 1,615. ಫಾಲ್ಸ್ ಸೀಲಿಂಗ್ ಇಲ್ಲದೆ ಡಕ್ಟು, ಪೈಪು ಕಾಣುವಂಥ ‘ಓಪನ್ ಸೀಲಿಂಗ್’ ಆಫೀಸಾದರೆ ಸ್ಲ್ಯಾಬಿನವರೆಗೆ ಅಳೆಯಿರಿ. ಅಲ್ಲಿ ಎರಡಡಿ ಹೆಚ್ಚಾದರೂ ಗಾಳಿ ಗಾಳಿಯೇ.

ಎರಡನೆಯದು ತಲೆ ಲೆಕ್ಕ. ಸೋಂಕು ಹರಡುವುದನ್ನು ತಗ್ಗಿಸಲು 2023ರಲ್ಲಿ ಬಂದ, ಅಮೆರಿಕದ ಎಸಿ-ವಾತಾಯನ ಎಂಜಿನಿಯರುಗಳ ಸಂಘ ಆಶ್ರೇಯ 241ನೇ ಮಾನದಂಡ ಆಫೀಸಿಗೆ ಒಬ್ಬರಿಗೆ 30 ಸಿಎಫ್‌ಎಂ, ಅಂದರೆ ಗಂಟೆಗೆ ಸುಮಾರು 51 ಘನ ಮೀಟರ್ ಶುದ್ಧ ಗಾಳಿ ಕೇಳುತ್ತದೆ. ಹೊರಗಿನಿಂದ ಬರುವ ಗಾಳಿಯೂ ಇದರಲ್ಲಿ ಸೇರುತ್ತದೆ. 24 ಜನಕ್ಕೆ 1,224. ಹಾಗಾಗಿ ನಮ್ಮ ಹಾಲಿಗೆ ಮೊದಲ ಲೆಕ್ಕವೇ ದೊಡ್ಡದು: 1,615. ಅದೇ ಹಾಲಿನಲ್ಲಿ ಕಾಲ್ ಸೆಂಟರಿನಂತೆ 40 ಜನ ಕುಳಿತರೆ 2,040 ಆಗಿ ತಲೆ ಲೆಕ್ಕ ಮೇಲಾಗುತ್ತದೆ.

ಮೀಟಿಂಗ್ ರೂಮಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 150 ಚದರ ಅಡಿ ಅಂದರೆ ಸುಮಾರು 40 ಘನ ಮೀಟರ್. ಐದರಿಂದ ಗುಣಿಸಿದರೆ 200. ಆದರೆ ಎಂಟು ಜನ ಬಾಗಿಲು ಹಾಕಿಕೊಂಡು ಕುಳಿತರೆ ತಲೆ ಲೆಕ್ಕ 408. ಚಿಕ್ಕ ಕೋಣೆ ಎಂದು ಚಿಕ್ಕ ಯಂತ್ರ ಇಡುವವರು ಎಡವುವುದು ಇಲ್ಲೇ. ಗಾಜಿನ ಗೋಡೆ ಚಾವಣಿ ಮುಟ್ಟುತ್ತಿದ್ದರೆ ಅದು ಬೇರೆಯದೇ ಕೋಣೆ. ಹಾಲಿನ ಯಂತ್ರದಿಂದ ಅಲ್ಲಿಗೆ ಏನೂ ತಲುಪುವುದಿಲ್ಲ.

ಸದ್ದು: ಲೆಕ್ಕ ತಲೆಕೆಳಗಾಗುವ ಜಾಗ

ಡಬ್ಬಿಯ ಮೇಲಿನ ಸಿಎಡಿಆರ್ ಅತಿ ಹೆಚ್ಚಿನ ಸ್ಪೀಡಿನದು. ಆ ಸ್ಪೀಡಿನಲ್ಲಿ ಹೆಚ್ಚಿನ ಯಂತ್ರಗಳು 55ರಿಂದ 65 ಡೆಸಿಬೆಲ್ ಸದ್ದು ಮಾಡುತ್ತವೆ. ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುವವರ ಪಕ್ಕ ಅದು ಹತ್ತು ನಿಮಿಷವೂ ನಿಲ್ಲುವುದಿಲ್ಲ. ಯಾರೋ ಒಬ್ಬರು ಎದ್ದು ಹೋಗಿ ‘ಸ್ಲೀಪ್’ ಒತ್ತುತ್ತಾರೆ, ಮತ್ತೆ ಯಾರೂ ಅದನ್ನು ಮುಟ್ಟುವುದಿಲ್ಲ. ಸ್ಲೀಪ್ ಮೋಡಿನಲ್ಲಿ ಗಾಳಿ ಪೂರ್ತಿ ಸಾಮರ್ಥ್ಯದ ಕಾಲು ಭಾಗವೂ ಬರದಿರಬಹುದು.

ಆದ್ದರಿಂದ ಯಂತ್ರವನ್ನು ಅಳೆಯಬೇಕಾದ್ದು 45 ಡೆಸಿಬೆಲ್ ಆಸುಪಾಸಿನ ಸ್ಪೀಡಿನಲ್ಲಿ. ಆ ಸ್ಪೀಡಿನ ಸಿಎಡಿಆರ್ ಎಷ್ಟು ಎಂದು ತಯಾರಕರಿಂದಲೇ ಬರೆಸಿಕೊಳ್ಳಿ. ಸಿಗದಿದ್ದರೆ ಪೂರ್ತಿಯ ಶೇ. 60 ಎಂದು ಹಿಡಿಯಿರಿ. ಆಗ ನಮ್ಮ ಹಾಲಿಗೆ 400ರ ಯಂತ್ರ 240 ಕೊಡುತ್ತದೆ, ಏಳು ಬೇಕು. 800ರದು 480 ಕೊಡುತ್ತದೆ, ನಾಲ್ಕು ಸಾಕು. ಅಡ್ಮಿನ್ ಮೇಜಿಗೆ ಬಂದ ‘ಎರಡು’ ಎಲ್ಲಿ, ಇದೆಲ್ಲಿ!

ಏಳು ಚಿಕ್ಕದೋ ನಾಲ್ಕು ದೊಡ್ಡದೋ? ತೆರೆದ ಹಾಲಿಗೆ ನಾಲ್ಕೇ ವಾಸಿ. ಏಳಕ್ಕೆ ಏಳು ಪ್ಲಗ್ ಪಾಯಿಂಟ್ ಬೇಕು, ಏಳು ಕಡೆ ನೆಲ ಬೇಕು, ಏಳು ಪ್ರಿ-ಫಿಲ್ಟರ್ (ಹೊರಗಿನ ಜಾಲರಿ) ತೊಳೆಯಬೇಕು. ಒಂದೇ ಒಂದು ದೈತ್ಯ ಯಂತ್ರವೂ ಬೇಡ. ಅದು ಕೆಟ್ಟ ದಿನ ಪೂರ್ತಿ ಆಫೀಸು ಖಾಲಿ ಕೈ, ಅದರ ಪಕ್ಕ ಕುಳಿತವರಿಗೆ ದಿನವೂ ಶಿಕ್ಷೆ. ಒಂದೇ ಥರದ ಎರಡು ಯಂತ್ರ ಪಕ್ಕಪಕ್ಕ ಓಡಿದರೆ ಸದ್ದು ಏರುವುದು ಮೂರೇ ಡೆಸಿಬೆಲ್. ಒಂದನ್ನೇ ಮಧ್ಯಮದಿಂದ ಪೂರ್ತಿ ಸ್ಪೀಡಿಗೆ ಏರಿಸಿದರೆ ಹತ್ತಕ್ಕೂ ಹೆಚ್ಚು.

ಫಿಲ್ಟರ್‌ನಲ್ಲಿ ಏನು ನೋಡಬೇಕು

ಹೆಪಾ ಎಂದರೆ ಅತಿ ಸೂಕ್ಷ್ಮ ಕಣ ಹಿಡಿಯುವ ನಾರಿನ ಫಿಲ್ಟರ್ ಎಂದು ಎಲ್ಲ ಡೀಲರೂ ಹೇಳುತ್ತಾರೆ. ಅಂಕಿ ಮಾತ್ರ ಗೊತ್ತಿರಲಿ. ಯುರೋಪಿನ ಇಎನ್ 1822 ಮಾನದಂಡದ ಪ್ರಕಾರ ಎಚ್13 ದರ್ಜೆಯ ಫಿಲ್ಟರ್ ಹಿಡಿಯಲು ಅತಿ ಕಷ್ಟದ ಗಾತ್ರದ ಕಣಗಳನ್ನೂ ಶೇ. 99.95ರಷ್ಟು ಹಿಡಿಯುತ್ತದೆ, ಎಚ್14 ಶೇ. 99.995. ಅಮೆರಿಕದ ವ್ಯಾಖ್ಯೆ 0.3 ಮೈಕ್ರಾನ್ ಕಣಕ್ಕೆ ಶೇ. 99.97. ‘ಹೆಪಾ ಟೈಪ್’, ‘ಹೆಪಾ ಲೈಕ್’ ಅಂತ ಬರೆದಿದ್ದರೆ ಈ ಯಾವುದರ ಭರವಸೆಯೂ ಇಲ್ಲ. 0.1 ಮೈಕ್ರಾನ್ ಹಿಡಿಯುತ್ತದೆ ಎಂದು ಹೆಮ್ಮೆಯಿಂದ ಹೇಳಿದರೆ ತಲೆದೂಗಬೇಕಿಲ್ಲ. 0.3ರ ಆಸುಪಾಸಿನ ಕಣವೇ ನುಸುಳಲು ನಿಸ್ಸೀಮ. ಅದಕ್ಕಿಂತ ಚಿಕ್ಕವು ಗಾಳಿಯ ಅಣುಗಳಿಗೆ ತಾಕಿ ಅತ್ತಿತ್ತ ಓಲಾಡುತ್ತ ನಾರಿಗೆ ಸಿಕ್ಕಿಬೀಳುತ್ತವೆ.

ಆದರೆ ಎಚ್13ಕ್ಕೂ ಎಚ್14ಕ್ಕೂ ಹೆಚ್ಚು ದುಡ್ಡು ಕೊಡುವುದು ಆಫೀಸಿಗೆ ದಂಡ. ಆಪರೇಷನ್ ಥಿಯೇಟರಿನ ಮಾತು ಬೇರೆ. ಇಲ್ಲಿ ಅದೇ ಗಾಳಿ ಮತ್ತೆ ಮತ್ತೆ ಯಂತ್ರದೊಳಗೆ ಹೋಗುತ್ತದೆ. ಗಂಟೆಗೆ 200 ಘನ ಮೀಟರ್ ಗಾಳಿಯನ್ನು ಶೇ. 99.95 ಶುದ್ಧ ಮಾಡುವ ಯಂತ್ರ ಕೊಡುವುದು 200. ಶೇ. 90 ಮಾತ್ರ ಹಿಡಿದರೂ 350 ಘನ ಮೀಟರ್ ಎಳೆಯುವ ಯಂತ್ರ 315 ಕೊಡುತ್ತದೆ. ಸಿಎಡಿಆರ್ ಈ ಎರಡನ್ನೂ ಒಳಗೊಂಡ ಅಂಕಿ. ಫಿಲ್ಟರಿನ ದರ್ಜೆಗಿಂತ ಅದನ್ನೇ ಮೊದಲು ನೋಡಿ ಎನ್ನುವುದು ಅದಕ್ಕೇ.

ಫಿಲ್ಟರನ್ನು ಕೈಯಲ್ಲಿ ಹಿಡಿದು ನೋಡಿ. ಮಡಿಕೆಗಳು ಆಳವಾಗಿ, ಒತ್ತಾಗಿ ಇರಬೇಕು. ಸುತ್ತ ಫೋಮ್ ಅಥವಾ ರಬ್ಬರ್ ಪಟ್ಟಿ ಇದ್ದು ಗೂಡಿನಲ್ಲಿ ಬಿಗಿಯಾಗಿ ಕೂರಬೇಕು. ಸಡಿಲವಿದ್ದರೆ ಗಾಳಿ ಸಂದಿಯಲ್ಲೇ ಜಾರಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಚೌಕಟ್ಟಿನ ಅಂಚಿನುದ್ದ ಕಪ್ಪು ಗೆರೆ ಮೂಡಿದರೆ ಅದರ ಗುರುತೇ ಅದು. ಚೀನಾದ ಜಿಬಿ/ಟಿ 18801 ಮಾನದಂಡದ ಪ್ರಕಾರ ಪರೀಕ್ಷಿಸಿದ ಮಾದರಿಗಳಲ್ಲಿ ಸಿಸಿಎಂ ಎಂಬ ಇನ್ನೊಂದು ಅಂಕಿ ಇರುತ್ತದೆ. ಸಿಎಡಿಆರ್ ಅರ್ಧಕ್ಕೆ ಇಳಿಯುವ ಮೊದಲು ಫಿಲ್ಟರ್ ಎಷ್ಟು ಮಿಲಿಗ್ರಾಂ ಕಣ ಹೊರಬಲ್ಲದು ಎಂಬುದು ಅದು. ಪಿ4 ದರ್ಜೆ ಅಂದರೆ 12,000 ಮಿಲಿಗ್ರಾಂಗೆ ಕಡಿಮೆಯಿಲ್ಲ. ಧೂಳಿನ ರಸ್ತೆಯ ಪಕ್ಕ ಇರುವವರು ಅದಕ್ಕಿಂತ ಕೆಳಗಿನ ದರ್ಜೆ ತೆಗೆದುಕೊಳ್ಳಬೇಡಿ.

ವಾಸನೆಗೆ ಇದ್ದಿಲು, ಅಂದರೆ ಕಾರ್ಬನ್ ಫಿಲ್ಟರ್. ಬಲೆಯ ಮೇಲೆ ಕಪ್ಪು ಪುಡಿ ಬಳಿದ ತೆಳು ಹಾಳೆ ಹೆಸರಿಗಷ್ಟೇ. ಅದರಲ್ಲಿರುವ ಕಾರ್ಬನ್ ಕೆಲವು ಹತ್ತು ಗ್ರಾಂ. ಹತ್ತಿರದ ಹೋಟೆಲಿನ ಒಗ್ಗರಣೆ, ಡೀಸೆಲ್, ಪೇಂಟಿನ ವಾಸನೆ ನಿಜಕ್ಕೂ ಸಮಸ್ಯೆಯಾಗಿದ್ದರೆ ಕಿಲೋ ಲೆಕ್ಕದಲ್ಲಿ ಕಾರ್ಬನ್ ಕಾಳು ತುಂಬಿದ ಫಿಲ್ಟರ್ ಕೇಳಿ, ತೂಕವನ್ನು ಕೊಟೇಶನ್‌ನಲ್ಲೇ ಬರೆಸಿ. ಕಾರ್ಬನ್ ತುಂಬಿದ ಮೇಲೆ ಹಿಡಿದದ್ದನ್ನೇ ವಾಪಸು ಬಿಡತೊಡಗುತ್ತದೆ. ಯಂತ್ರವೇ ನಾರುತ್ತಿದೆ ಎಂದು ಜನ ಹೇಳಿದರೆ ಸುಳ್ಳಲ್ಲ.

ಅಯಾನೈಸರ್, ಪ್ಲಾಸ್ಮಾ, ಓಝೋನ್, ಯುವಿ ದೀಪ ಇವುಗಳಿಗೆ ಹೆಚ್ಚುವರಿ ದುಡ್ಡು ಬೇಡ. ಓಝೋನ್ ಬಿಡುವ ಯಂತ್ರ ಜನ ಕೂರುವ ಜಾಗಕ್ಕೆ ಬರಲೇಬಾರದು. ಅದು ಶ್ವಾಸಕೋಶಕ್ಕೆ ಉರಿ. ಕ್ಯಾಲಿಫೋರ್ನಿಯಾದಲ್ಲಿ ಮಾರುವ ಯಂತ್ರಗಳಿಗೆ 0.050 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಎಂಬ ಅಳತೆ) ಓಝೋನ್ ಮಿತಿ ಇದೆ. ಅಯಾನೈಸರ್ ಇದ್ದೇ ಇದ್ದರೆ ಅದನ್ನು ಆರಿಸುವ ಬೇರೆ ಬಟನ್ ಇದೆಯೇ ನೋಡಿ, ಆರಿಸಿಡಿ.

ಕಿಟಕಿ ಮುಚ್ಚುವುದೋ ತೆಗೆಯುವುದೋ

ಕಿಟಕಿಗಳೆಲ್ಲ ತೆರೆದು ಗಂಟೆಗೆ ಹತ್ತು ಸಲ ಹೊರಗಾಳಿ ಬರುತ್ತಿರುವಾಗ ಐದು ಸಲದ ಪ್ಯೂರಿಫೈಯರ್ ಓಡಿಸುವುದು ತೂತು ಮಡಕೆಗೆ ನೀರು ಹೊಯ್ದ ಹಾಗೆ. ಹೊರಗೆ 60 ಇದ್ದರೆ ಒಳಗೆ 40ಕ್ಕಿಂತ ಕೆಳಗಿಳಿಯುವುದು ಕಷ್ಟ. ಹತ್ತನ್ನು ಹದಿನೈದರಿಂದ ಭಾಗಿಸಿದರೆ ಬರುವುದು ಅಷ್ಟೇ. ಪೂರ್ತಿ ಮುಚ್ಚಿ ಗಂಟೆಗೆ ಒಂದು ಸಲದ ಸೋರಿಕೆ ಮಾತ್ರ ಇದ್ದರೆ ಅದೇ ಯಂತ್ರ 60ನ್ನು 10ಕ್ಕೆ ತರುತ್ತದೆ. ಆದರೆ ಆಗ ಕಾರ್ಬನ್ ಡೈಆಕ್ಸೈಡ್ ಮೀಟರ್ 1,700 ಪಿಪಿಎಂ ದಾಟುತ್ತದೆ.

ನಡುವಿನ ದಾರಿ ಹೀಗಿದೆ. ಹೊರಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ. ಒಳಗೆ ಸಾವಿರದ ಆಸುಪಾಸು ಇರಬೇಕಾದರೆ ಕುಳಿತು ಕೆಲಸ ಮಾಡುವ ಒಬ್ಬರಿಗೆ ಗಂಟೆಗೆ 30 ಘನ ಮೀಟರ್ ಹೊರಗಾಳಿ ಬೇಕು. ನಮ್ಮ 24 ಜನಕ್ಕೆ 720, ಅಂದರೆ ಹಾಲಿನ ಗಾಳಿ ಗಂಟೆಗೆ ಎರಡು ಸಲಕ್ಕಿಂತ ತುಸು ಹೆಚ್ಚು ಬದಲಾಗಬೇಕು. ಐದು ಸಲದ ಪ್ಯೂರಿಫೈಯರ್ ಜೊತೆಗಿದ್ದರೆ ಒಳಗಿನ ಪಿಎಂ 2.5 ಹೊರಗಿನ ಮೂರನೇ ಒಂದು ಭಾಗಕ್ಕಿಂತ ಕೆಳಗೆ ನಿಲ್ಲುತ್ತದೆ, 60 ಇದ್ದದ್ದು 18–19. ಇದನ್ನು ಸಾಧಿಸಲು ರಸ್ತೆಯ ಕಡೆಯ ಕಿಟಕಿ ಮುಚ್ಚಿ, ಹಿಂಬದಿಯ ಗೋಡೆಯಲ್ಲಿ ಒಳಕ್ಕೆ ಗಾಳಿ ಊದುವ ಇನ್‌ಲೈನ್ ಫ್ಯಾನ್ (ಕೊಳವೆಯೊಳಗೆ ಕೂರುವ ಫ್ಯಾನ್) ಹಾಕಿಸಿ, ಅದರ ಮುಂದೆ ಮರ್ವ್ 13 ಫಿಲ್ಟರ್ ಕೂರಿಸಿ (ಮರ್ವ್ ಎಂಬುದು ಫಿಲ್ಟರ್ ದರ್ಜೆ; ಅಂಕಿ ಹೆಚ್ಚಿದಷ್ಟೂ ಸೂಕ್ಷ್ಮ ಕಣ ಹಿಡಿಯುತ್ತದೆ). ಒಳಕ್ಕೆ ಊದುವುದರಿಂದ ಸಂದಿಗಳಲ್ಲಿ ಗಾಳಿ ಹೊರಕ್ಕೆ ಹೋಗುತ್ತದೆ, ಧೂಳು ಒಳಬರುವುದು ತಪ್ಪುತ್ತದೆ. ಬರೀ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಇದರ ಉಲ್ಟಾ: ಬಾಗಿಲ ಸಂದಿ, ಶೌಚಾಲಯದ ಕಡೆಯಿಂದೆಲ್ಲ ಗಾಳಿ ಎಳೆದುಕೊಳ್ಳುತ್ತದೆ. ಗಾಳಿ ತೆಗೆದುಕೊಳ್ಳುವ ಜಾಗ ಕೆಳಗಿನ ಡೀಸೆಲ್ ಜನರೇಟರಿನ ಹೊಗೆ ಕೊಳವೆಗೆ ಎದುರಾಗದಿರಲಿ.

ಅಷ್ಟು ಖರ್ಚು ಬೇಡವೆಂದರೆ ಹಿಂಬದಿಯ ಎರಡು ಕಿಟಕಿಗಳನ್ನು ನಾಲ್ಕು ಬೆರಳಷ್ಟು ತೆರೆದಿಟ್ಟು ಮೀಟರ್ ನೋಡುತ್ತ ಹೊಂದಿಸಿ. ಇದಕ್ಕೆ ಒಂದು ವಾರದ ತಾಳ್ಮೆ ಬೇಕು, ಅಷ್ಟೇ.

ಟೆಕ್ ಪಾರ್ಕಿನಲ್ಲಿದ್ದರೆ

ಸೆಂಟ್ರಲ್ ಎಸಿ ಇದ್ದವರು ಪ್ಯೂರಿಫೈಯರ್ ಕೊಳ್ಳುವ ಮೊದಲು ಕಟ್ಟಡದ ಫೆಸಿಲಿಟಿ ತಂಡವನ್ನು ಕೇಳಿ: ಎಎಚ್‌ಯುನಲ್ಲಿ (ಗಾಳಿ ತಂಪು ಮಾಡಿ ಹಂಚುವ ಮುಖ್ಯ ಯಂತ್ರ) ಯಾವ ದರ್ಜೆಯ ಫಿಲ್ಟರ್ ಇದೆ, ಕೊನೆಗೆ ಬದಲಿಸಿದ್ದು ಯಾವಾಗ, ಫ್ರೆಶ್ ಏರ್ ಡ್ಯಾಂಪರ್ (ಹೊರಗಾಳಿ ಬಿಡುವ ಕವಾಟ) ತೆರೆದಿದೆಯೇ. ಕರೆಂಟ್ ಬಿಲ್ ಉಳಿಸಲು ಅದನ್ನು ಮುಚ್ಚಿಟ್ಟಿರುವುದೂ ಉಂಟು. ಮರ್ವ್ 13 ಹಾಕಬಹುದಾದರೆ ಅದು ಹತ್ತು ಪ್ಯೂರಿಫೈಯರ್‌ಗಳ ಕೆಲಸ ಮಾಡೀತು. ಆದರೆ ದಟ್ಟ ಫಿಲ್ಟರ್ ಗಾಳಿಯನ್ನು ತಡೆಯುತ್ತದೆ. ಫ್ಯಾನಿಗೆ ಅಷ್ಟು ಒತ್ತಡ ತಾಳುವ ಶಕ್ತಿ ಇಲ್ಲದಿದ್ದರೆ ಕೊನೆಯ ಡಿಫ್ಯೂಸರ್‌ಗಳಲ್ಲಿ (ಚಾವಣಿಯ ಗಾಳಿ ಕಿಂಡಿಗಳಲ್ಲಿ) ಗಾಳಿಯೇ ಬರುವುದಿಲ್ಲ. ಹಾಕಿದ ಮೇಲೆ ದೂರದ ಡಿಫ್ಯೂಸರ್ ಕೆಳಗೆ ಟಿಶ್ಯೂ ಹಾಳೆ ಹಿಡಿದು ನೋಡಿ.

ಕೊಟೇಶನ್ ಕೇಳುವಾಗ

ಪ್ರತಿ ಸ್ಪೀಡಿಗೂ ಸಿಎಡಿಆರ್, ಡೆಸಿಬೆಲ್, ವಾಟ್. ಫಿಲ್ಟರಿನ ಪಾರ್ಟ್ ನಂಬರ್, ಇಂದಿನ ಬೆಲೆ, ಬೆಂಗಳೂರಿನಲ್ಲಿ ಸ್ಟಾಕ್ ಇದೆಯೇ. ವಾರಂಟಿ ವಾಣಿಜ್ಯ ಬಳಕೆಗೆ ಅನ್ವಯಿಸುತ್ತದೆಯೇ; ಮನೆಗೆಂದು ಮಾರುವ ಮಾದರಿಯಾದರೆ ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಪೂರ್ತಿ ಓದಿ. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಅಂದರೆ ಅದರಲ್ಲಿ ಫಿಲ್ಟರ್ ಸೇರಿದೆಯೇ ಅಥವಾ ಬಂದು ಒರೆಸಿ ಹೋಗುವುದಷ್ಟೆಯೇ.

ಯಂತ್ರದ ಬೆಲೆ ನೋಡಿ ತೀರ್ಮಾನಿಸಬೇಡಿ, ಮೂರು ವರ್ಷದ್ದು ಕೂಡಿಸಿ. ನಾಲ್ಕು ಯಂತ್ರ, ಮಧ್ಯಮ ಸ್ಪೀಡಿನಲ್ಲಿ ತಲಾ 60 ವಾಟ್, ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 25 ದಿನ ಎಂದರೆ 60 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 5,760. ಒಂದು ಫಿಲ್ಟರಿಗೆ 6,000 ಎಂದು ಕೊಟೇಶನ್ ಬಂದರೆ ವರ್ಷಕ್ಕೊಮ್ಮೆ ನಾಲ್ಕನ್ನೂ ಬದಲಿಸಲು 24,000. ಕರೆಂಟಿನ ನಾಲ್ಕು ಪಟ್ಟು. ಅಗ್ಗಕ್ಕೆ ಸಿಕ್ಕ ಯಂತ್ರ ಎರಡನೇ ವರ್ಷ ದುಬಾರಿಯಾಗುವುದು ಹೀಗೆ.

ಇನ್ನೊಂದು ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ. ಯಂತ್ರ ಓಡುತ್ತಿರುವಾಗ ಪ್ಲಗ್ ಕಿತ್ತು, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಹಾಕಿ. ಹಳೆಯ ಸ್ಪೀಡಿನಲ್ಲೇ ತಾನಾಗಿ ಶುರುವಾಗಬೇಕು. ಟಚ್ ಪ್ಯಾನೆಲ್ ಇರುವ ಎಷ್ಟೋ ಮಾದರಿಗಳು ಕರೆಂಟ್ ಹೋಗಿ ಬಂದಮೇಲೆ ಸುಮ್ಮನೆ ನಿಂತುಬಿಡುತ್ತವೆ. ದಿನಕ್ಕೆ ಎರಡು ಸಲ ಕರೆಂಟ್ ಹೋಗುವ ಬಡಾವಣೆಯಲ್ಲಿ ಅಂಥದ್ದು ಶೋಕೇಸ್ ಸಾಮಾನು. ಬಟನ್ ಲಾಕ್ ಇರುವುದೂ ಒಳ್ಳೆಯದು, ‘ಸ್ಲೀಪ್’ ಒತ್ತುವ ಕೈಗಳಿಗಾಗಿ.

ಎಲ್ಲಿ ಇಡುವುದು

ಗೋಡೆಯಿಂದ, ಮೇಜಿನಿಂದ ಒಂದೂವರೆ ಅಡಿ ಬಿಡಿ. ಗಾಳಿ ಎಳೆಯುವ ಕಡೆ ಪರದೆ, ಬ್ಯಾಗು, ಕಸದ ಬುಟ್ಟಿ ಬರಬಾರದು. ನಾಲ್ಕನ್ನೂ ಹಾಲಿನ ಉದ್ದಕ್ಕೆ ಹಂಚಿ. ಒಂದು ಯಂತ್ರ ಬಿಟ್ಟ ಶುದ್ಧ ಗಾಳಿಯನ್ನೇ ಇನ್ನೊಂದು ಎಳೆದುಕೊಳ್ಳುವಂತೆ ಎದುರುಬದುರು ಬೇಡ. ಎಸಿ ಗಾಳಿ ನೇರ ಕೆಳಗೆ ಬೀಳುವ ಜಾಗವೂ ಬೇಡ, ಆದರೆ ಎಸಿ ಅಥವಾ ಸೀಲಿಂಗ್ ಫ್ಯಾನ್ ಓಡುತ್ತಿರಲಿ. ಗಾಳಿ ಕಲಕಿದಷ್ಟೂ ಮೂಲೆಗಳು ಬೇಗ ಶುದ್ಧವಾಗುತ್ತವೆ. ದೇವರ ಪಟದ ಕೆಳಗೆ ದಿನವೂ ಅಗರಬತ್ತಿ ಹಚ್ಚುವ ಆಫೀಸಾದರೆ ಒಂದು ಯಂತ್ರ ಅದರ ಹತ್ತಿರವೇ ಇರಲಿ, ಲೇಸರ್ ಪ್ರಿಂಟರ್ ಪಕ್ಕವೂ ಸರಿ. ಯುಪಿಎಸ್ ಸಾಲಿಗೆ ಸೇರಿಸಬೇಡಿ, ನೇರ ಕರೆಂಟ್ (ರಾ ಪವರ್) ಸಾಕು.

‘ಆಟೋ’ ಮೋಡನ್ನು ನಂಬಬೇಡಿ. ಅದರ ಸೆನ್ಸರ್ ನೋಡುವುದು ಯಂತ್ರದ ಹೊಟ್ಟೆಯ ಪಕ್ಕದ ಗಾಳಿಯನ್ನು. ಸಹಜವಾಗಿಯೇ ಇಡೀ ಹಾಲಿನಲ್ಲಿ ಅತಿ ಶುದ್ಧ ಗಾಳಿ ಅದು. ಹಸಿರು ದೀಪ ಹತ್ತಿ ಫ್ಯಾನ್ ಇಳಿಯುತ್ತದೆ, ಇಪ್ಪತ್ತಡಿ ಆಚೆ ಮೀಟರ್ 50 ತೋರಿಸುತ್ತಿರುತ್ತದೆ. ಆಫೀಸು ತೆರೆಯುವ ಅರ್ಧ ಗಂಟೆ ಮೊದಲು ಪೂರ್ತಿ ಸ್ಪೀಡು, ಜನ ಬಂದಮೇಲೆ ದಿನವಿಡೀ ಮಧ್ಯಮ: ಇದೇ ಸರಿಯಾದ ಕ್ರಮ.

ಅಗರಬತ್ತಿ ಪರೀಕ್ಷೆ

ಕೊಂಡ ಯಂತ್ರ ಹೇಳಿದಷ್ಟು ಕೊಡುತ್ತಿದೆಯೇ ಎಂದು ನೀವೇ ನೋಡಬಹುದು. ನಾಲ್ಕೂ ಒಟ್ಟಿಗೆ ಕೊಳ್ಳುವ ಮೊದಲು ಒಂದನ್ನು ತರಿಸಿ ಇದನ್ನು ಮಾಡುವುದು ಇನ್ನೂ ಜಾಣತನ. ಸ್ಮೋಕ್ ಡಿಟೆಕ್ಟರ್ ಇದ್ದರೆ ಸೆಕ್ಯುರಿಟಿಗೆ ಮೊದಲೇ ತಿಳಿಸಿ.

ಯಾರೂ ಇಲ್ಲದ ಮೀಟಿಂಗ್ ರೂಮಿನಲ್ಲಿ ಪಿಎಂ 2.5 ಮೀಟರನ್ನು ಮೇಜಿನ ಮೇಲೆ, ಯಂತ್ರದಿಂದ ದೂರ ಇಡಿ. ಮೊದಲಿನ ಓದು 30 ಎನ್ನಿ. ಬಾಗಿಲು ಮುಚ್ಚಿ, ಟೇಬಲ್ ಫ್ಯಾನ್ ಹಾಕಿ, ಒಂದು ಅಗರಬತ್ತಿ ಹಚ್ಚಿ ಮೀಟರ್ 250 ದಾಟಿದ ಮೇಲೆ ಆರಿಸಿ ಹೊರಗೆ ಒಯ್ಯಿರಿ. ಪ್ಯೂರಿಫೈಯರ್ ಹಾಕದೆ, ಓದು 230 ಮುಟ್ಟಿದಾಗಿನಿಂದ 130 ಆಗುವವರೆಗೆ ಎಷ್ಟು ನಿಮಿಷ ಎಂದು ಬರೆಯಿರಿ. ಮೊದಲೇ ಇದ್ದ 30 ಕಳೆದರೆ 200 ಇದ್ದದ್ದು 100 ಆಗಲು ತಗಲುವ ಹೊತ್ತು ಅದು. ಮತ್ತೆ ಹೊಗೆ ಎಬ್ಬಿಸಿ, ಈ ಸಲ ಯಂತ್ರವನ್ನು ಮಧ್ಯಮ ಸ್ಪೀಡಿನಲ್ಲಿ ಓಡಿಸಿ ಅದನ್ನೇ ಅಳೆಯಿರಿ.

42ನ್ನು ಆ ನಿಮಿಷಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಸಲ ಎಂಬುದು ಸಿಗುತ್ತದೆ. ಯಂತ್ರವಿಲ್ಲದೆ 40 ನಿಮಿಷ ಹಿಡಿದರೆ 1.05, ಯಂತ್ರದೊಂದಿಗೆ 8 ನಿಮಿಷವಾದರೆ 5.25. ವ್ಯತ್ಯಾಸ 4.2, ಕೋಣೆ 40 ಘನ ಮೀಟರ್, ಗುಣಿಸಿದರೆ 168. ಮಧ್ಯಮ ಸ್ಪೀಡಿನಲ್ಲಿ 240 ಎಂದು ಹೇಳಿದ್ದರೆ 6 ನಿಮಿಷಕ್ಕೇ ಆಗಬೇಕಿತ್ತು. ಸ್ವಲ್ಪ ಹಿಂದುಮುಂದಾದರೆ ಮೀಟರಿನ ದೋಷ ಎನ್ನಬಹುದು. ಇಷ್ಟು ಕಡಿಮೆಯಾದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಗಾಳಿಗೆ ಅಡ್ಡ ಏನೋ ಇದೆ, ಇಲ್ಲವೇ ಬರೆದ ಅಂಕಿಯೇ ಸುಳ್ಳು. ಇಳಿಕೆಯೇ ಕಾಣದಿದ್ದರೆ ಮುಚ್ಚಳ ತೆಗೆದು ನೋಡಿ: ಫಿಲ್ಟರಿಗೆ ಸುತ್ತಿ ಬಂದ ಪ್ಲಾಸ್ಟಿಕ್ ಕವರ್ ಹಾಗೇ ಇರುತ್ತದೆ. ತಿಂಗಳುಗಟ್ಟಲೆ ಕವರ್ ಸಮೇತ ಓಡುವ ಯಂತ್ರಗಳಿಗೆ ಬರವಿಲ್ಲ. ಫ್ಯಾನ್ ತಿರುಗುತ್ತದೆ, ಹಸಿರು ದೀಪವೂ ಉರಿಯುತ್ತದೆ.

ಇಟ್ಟ ಮೇಲೆ

ಪ್ರಿ-ಫಿಲ್ಟರ್ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ವ್ಯಾಕ್ಯೂಮ್ ಮಾಡಿಸಿ. ಮೆಟ್ರೋ ಕಾಮಗಾರಿಯೋ ರಸ್ತೆ ಅಗೆತವೋ ನಡೆಯುತ್ತಿದ್ದರೆ ವಾರಕ್ಕೊಮ್ಮೆ. ತೊಳೆದರೆ ಪೂರ್ತಿ ಒಣಗಿಸಿಯೇ ಹಾಕಬೇಕು. ಹೆಪಾ ಫಿಲ್ಟರಿಗೆ ನೀರು ತಾಗಿಸಬಾರದು, ನೆಲಕ್ಕೆ ಬಡಿದು ಧೂಳು ಕೊಡವಲೂಬಾರದು. ನಾರು ಹರಿದರೆ ಕಣ್ಣಿಗೆ ಕಾಣುವುದಿಲ್ಲ. ಈ ಎರಡನ್ನೂ ಹೌಸ್‌ಕೀಪಿಂಗ್‌ನವರಿಗೆ ಬಾಯಿಮಾತಲ್ಲಿ ಹೇಳಿದರೆ ಸಾಲದು, ಯಂತ್ರದ ಮೇಲೆ ಚೀಟಿ ಅಂಟಿಸಿ. ಒಳ್ಳೆಯ ಮನಸ್ಸಿನಿಂದ ತೊಳೆದು ಹಾಳಾದ ಫಿಲ್ಟರ್‌ಗಳೇ ಹೆಚ್ಚು.

ಯಂತ್ರದ ‘ಫಿಲ್ಟರ್ ಬದಲಿಸಿ’ ದೀಪ ಬಹುಪಾಲು ಗಂಟೆಗಳನ್ನಷ್ಟೇ ಎಣಿಸುತ್ತದೆ. ಪೀಣ್ಯದ ಗಾಳಿಗೂ ಲಾಲ್‌ಬಾಗ್ ಪಕ್ಕದ ಗಾಳಿಗೂ ಅದಕ್ಕೆ ಭೇದವಿಲ್ಲ. ಮೂರು ತಿಂಗಳಿಗೊಮ್ಮೆ ಅಗರಬತ್ತಿ ಪರೀಕ್ಷೆ ಮಾಡಿ, ಮೊದಲ ದಿನ ಸಿಕ್ಕ ಅಂಕಿಯ ಮೂರರಲ್ಲಿ ಎರಡು ಭಾಗಕ್ಕಿಂತ ಕೆಳಗಿಳಿದರೆ ಬದಲಿಸಿ. ದೀಪಾವಳಿಗೆ ಮೊದಲು ಒಮ್ಮೆ ನೋಡಿಡುವುದು ಅನುಕೂಲ; ಹಬ್ಬದ ವಾರದಲ್ಲಿ ಫಿಲ್ಟರ್ ಸ್ಟಾಕ್ ಹುಡುಕುತ್ತ ಓಡಾಡುವುದು ತಪ್ಪುತ್ತದೆ.

ಬದಲಿಸುವಾಗ ಎನ್95 ಮಾಸ್ಕ್ ಹಾಕಿಕೊಂಡು, ಯಂತ್ರ ಆರಿಸಿ, ಹಳೆಯದನ್ನು ಅಲುಗಿಸದೆ ತೆಗೆಯಿರಿ. ಹೊಸ ಫಿಲ್ಟರಿನ ಕವರ್ ಬಿಚ್ಚಿ, ಚೌಕಟ್ಟಿನ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆದು ಕೂರಿಸಿ. ಬಿಚ್ಚಿದ ಅದೇ ಕವರಿಗೆ ಹಳೆಯದನ್ನು ಹಾಕಿ ಬಾಯಿ ಕಟ್ಟಿ. ಹಳೆಯದು ಆ ಕವರಿಗೆ ಸೇರಿದರೆ, ಹೊಸದರ ಕವರ್ ಬಿಚ್ಚಿದೆವೋ ಇಲ್ಲವೋ ಎಂಬ ಅನುಮಾನವೂ ಉಳಿಯುವುದಿಲ್ಲ.